ಕೆಂಪು ಹಂಚಿನ ಎರಡನೆಯ ಮಾಡು

"ಇವತ್ತು ಮೀನು ಬೇಡ ಅಪ್ಪಿಯಕ್ಕ, ಇವತ್ತು ಬೇಡ!" ಎಂದು ಅಹ್ಮದ್ ಬಾವ ಗೇಟಿನಲ್ಲಿ ಎರಡೂ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅಪ್ಪಿಯ ಒಂದು ಕಾಲು ಅಂಗಳದೊಳಗೆ ಬಿದ್ದಾಗಿತ್ತು. ತಲೆಯ ಮೇಲಿನ ಬುಟ್ಟಿಯಲ್ಲಿ ಆಗಷ್ಟೇ ದೋಣಿ ನಿಲ್ಲುವ ಧಕ್ಕೆಯಿಂದ ತಂದ ಬಂಗುಡೆ. ಇಳಿಸದೆ ಹಿಂದೆ ಹೋಗುವ ಜಾತಿಯವಳಲ್ಲ ಅವಳು.

"ಯಾಕೆ ಬೇಡ? ಪೆರ್ನಾಲ್ ಹಬ್ಬ ಕಳೆದು ವಾರ ಆಯ್ತು. ಇನ್ನೂ ಕೋಳಿಯೇ ಮುಗಿದಿಲ್ವಾ ನಿಮಗೆ?"

"ಬಾಪ ಹೋದ್ರು. ಬೆಳಿಗ್ಗೆ, ಮಸೀದಿಯ ಬಾಂಗಿನ ಹೊತ್ತಿಗೆ."

ಅಪ್ಪಿ ಅವನ ಮುಖ ನೋಡಿದಳು. ಸುಳ್ಳಿರಲಿಕ್ಕಿಲ್ಲ. ಅಪ್ಪ ಸತ್ತ ಎಂದು ಸುಳ್ಳು ಹೇಳಿ ಮೀನು ತಪ್ಪಿಸಿಕೊಳ್ಳುವ ಮಗ ಬಂದರಿನಲ್ಲಿ ಇನ್ನೂ ಹುಟ್ಟಿಲ್ಲ. ಅಂಗಳದಲ್ಲಿ ಬೆಂಚು ಹಾಕುತ್ತಿದ್ದರು, ಬಾವಿಯ ಬಳಿ ಸೀರೆ ಕಟ್ಟಿ ಮರೆ ಮಾಡುತ್ತಿದ್ದರು, ಒಳಗಿನಿಂದ ಹೆಂಗಸರ ಓದುವ ಸ್ವರ ಬರುತ್ತಿತ್ತು. ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

"ಹೋದ್ನಾ?" ಎಂದಳು. "ಹೇಳದೆ ಹೋದ್ನಾ?"

"ಯಾರಿಗೆ ಹೇಳಿ ಹೋಗ್ಲಿಕ್ಕೆ ಆಗ್ತದೆ ಅಪ್ಪಿಯಕ್ಕ, ಸಾವಿಗೆ," ಎಂದ ಅಹ್ಮದ್ ಬಾವ. ಅವನಿಗೆ ಅರ್ಥವಾಗಿರಲಿಲ್ಲ. ಅವಳು ಬಿಡಿಸಿ ಹೇಳಲೂ ಇಲ್ಲ. ಬುಟ್ಟಿಯನ್ನು ಗೇಟಿನ ಹೊರಗೆ ನೆರಳಿನಲ್ಲಿಟ್ಟು, ಸೋಗೆ ಮುಚ್ಚಿ, ಒಳಗೆ ಬಂದು ಅಡುಗೆಮನೆಯ ಹೊರಜಗಲಿಯಲ್ಲಿ, ದಿನಾ ಮೀನು ಎಣಿಸುವ ಜಾಗದಲ್ಲೇ ಕೂತಳು. ಯಾರೂ ಏಳಿಸಲಿಲ್ಲ. ಏಳಿಸಿದ್ದರೂ ಅವಳು ಏಳುತ್ತಿರಲಿಲ್ಲ ಬಿಡಿ.

ಅಪ್ಪಿಯ ಗಂಡ ಬೂಬ, ಈಗ ಸತ್ತ ಈ ಮನೆಯ ಯಜಮಾನ ಮೊಯ್ದೀನಬ್ಬನ ಜೊತೆ ಬರ್ಮಾಕ್ಕೆ ಹೋದವನು. ಹೋದವನು ಬರಲಿಲ್ಲ. ಮೊಯ್ದೀನಬ್ಬ ಬಂದ. ಆಮೇಲಿನ ಇಪ್ಪತ್ತು ವರ್ಷ ಅಪ್ಪಿ ಈ ಮನೆಗೆ ಮೀನು ತಂದದ್ದು ವ್ಯಾಪಾರಕ್ಕೆ ಎಂದು ಊರಿನವರು ತಿಳಿದಿದ್ದರು. ಅವಳು ಬರುತ್ತಿದ್ದದ್ದು ಕಾವಲಿಗೆ. ಈ ಬ್ಯಾರಿಯ ಹೊಟ್ಟೆಯಲ್ಲಿ ಏನೋ ಉಂಟು, ಒಂದಲ್ಲ ಒಂದು ದಿನ ಬಾಯಿಗೆ ಬಂದೇ ಬರುತ್ತದೆ, ಆ ದಿನ ತಾನು ಎದುರಿಗಿರಬೇಕು ಎಂಬುದು ಅವಳ ಲೆಕ್ಕ.

ಸಂಶಯಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಬಂದರಿನಲ್ಲಿ ಒಣಮೀನಿನ ಅಂಗಡಿ ಇಟ್ಟ ಮನುಷ್ಯ, ಹಸಿಮೀನು ಕೊಳ್ಳುವಾಗ ಚೌಕಾಸಿ ಮಾಡುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಅಪ್ಪಿ ಬೇಕೆಂದೇ ಬಾಯಿಗೆ ಬಂದ ಬೆಲೆ ಹೇಳುತ್ತಿದ್ದಳು. ಅವನು ತಲೆ ತಗ್ಗಿಸಿ ಕೊಟ್ಟುಬಿಡುತ್ತಿದ್ದ. ಒಂದು ಸಲವೂ ಅವಳ ಕಣ್ಣಿಗೆ ಕಣ್ಣು ಕೊಟ್ಟದ್ದಿಲ್ಲ. ಅದಕ್ಕಿಂತ ದೊಡ್ಡದು ಈ ಮನೆಯ ಮಾಡು. ಮಂಗಳೂರು ಎಂದರೆ ಹಂಚು. ಹೊಯಿಗೆ ಬಜಾರಿನಿಂದ ಬೋಳಾರದವರೆಗೆ ನದಿಯ ಬದಿಯಲ್ಲಿ ಹಂಚಿನ ಕಾರ್ಖಾನೆಗಳ ಚಿಮಿಣಿಗಳೇ. ಧಕ್ಕೆಯ ಕೂಲಿಯವನೂ ಕಷ್ಟಪಟ್ಟು ನಾಲ್ಕು ಹಂಚು ಹಾಕಿಸುವ ಊರಿನಲ್ಲಿ ಮೊಯ್ದೀನಬ್ಬ ಮಾತ್ರ ಕಲ್ಲಿನ ಗೋಡೆಯ ದೊಡ್ಡ ಮನೆ ಕಟ್ಟಿ ಮೇಲೆ ತೆಂಗಿನ ಮಡಲು ಹೊದೆಸಿಕೊಂಡು ಕೂತಿದ್ದ. ವರ್ಷವರ್ಷವೂ ಹೊಸ ಮಡಲು, ವರ್ಷವರ್ಷವೂ ಸೋರುವುದು. ಜಿಪುಣ ಎಂದರು ಊರಿನವರು. ಜಿಪುಣನಾದರೆ ನನ್ನ ಹತ್ತಿರ ಯಾಕೆ ಚೌಕಾಸಿ ಮಾಡುವುದಿಲ್ಲ ಎಂದು ಅಪ್ಪಿ ಕೇಳುತ್ತಿದ್ದಳು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇದ್ದವನು ಈಗ ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

*

ಅವನು ಬರ್ಮಾದಿಂದ ಬಂದದ್ದು ಯುದ್ಧ ಮುಗಿದ ಮರುವರ್ಷ. ಅಪ್ಪಿ ಮರಳಿನ ಮೇಲೆ ಮೀನು ಮಗುಚಿ ಹಾಕುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದರೆ ದೂರದಲ್ಲಿ ಒಬ್ಬ ನಿಂತಿದ್ದಾನೆ, ಹತ್ತಿರ ಬರುವುದಿಲ್ಲ, ಹೋಗುವುದೂ ಇಲ್ಲ. ಎಲುಬಿನ ಗೂಡಿಗೆ ಅಂಗಿ ತೊಡಿಸಿದ ಹಾಗಿದ್ದ. ಗುರುತು ಹತ್ತಿದ ಕೂಡಲೇ ಅವಳು ಅವನ ಹಿಂದೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಬೂಬ ಎಲ್ಲಿ ಸಾವುಕಾರ್ರೆ?"

"ಬಾಂಬು ಬಿತ್ತು ಅಪ್ಪಿ," ಎಂದ. ಮರಳಿಗೆ ಹೇಳಿದ ಹಾಗೆ ಹೇಳಿದ.

"ಯಾರು ಹಾಕಿದ್ದು?"

"ವಿಮಾನದವರು."

"ನೀವು ಎಲ್ಲಿದ್ರಿ?"

"ನಾನು ಮಸೀದಿಯಲ್ಲಿದ್ದೆ. ಶುಕ್ರವಾರ."

"ಮೈ ಸಿಕ್ತಾ? ಬೆಂಕಿ ಕೊಟ್ರಾ, ಎಂತ ಮಾಡಿದ್ರಿ?"

ಅವನು ಬಾಯಿ ತೆರೆದ. ಮುಚ್ಚಿದ. ಟೊಪ್ಪಿ ತೆಗೆದು ಕೈಯಲ್ಲಿ ಹಿಂಡಿದ. ಆಮೇಲೆ ತಿರುಗಿ ನಡೆದೇಬಿಟ್ಟ. ಅಪ್ಪಿಗೆ ಅಳುವುದಕ್ಕೆ ಎಷ್ಟೋ ದಿನ ಹಿಡಿಯಿತು. ಅಳುವ ಮೊದಲೇ ಸಂಶಯ ಬಂದು ಕೂತಿತ್ತು. ಅಲ್ಲ, ಒಂದೇ ಊರು, ಒಂದೇ ಕೆಲಸ, ಒಬ್ಬ ಸತ್ತ, ಒಬ್ಬ ಉಳಿದ. ಬರಿ ಬಾಂಬಿನ ಮಾತಾದರೆ ಬೆನ್ನು ತಿರುಗಿಸಿ ಓಡುವುದು ಯಾಕೆ? ಬರ್ಮಾದಿಂದ ಬಂದ ಬೇರೆ ಯಾರೋ ಬಾಯಿ ತಪ್ಪಿ, 'ಜಪಾನಿನವರ ಕಾಲದಲ್ಲಿ ಹೇಳಬಾರದ್ದು ಹೇಳಿದವರು ನಮ್ಮಲ್ಲೂ ಇದ್ದರು' ಎಂದದ್ದು ಅವಳ ಕಿವಿಗೆ ಬಿತ್ತು. ಅಷ್ಟೇ ಸಾಕಾಯಿತು. ಮೊಯ್ದೀನಬ್ಬನೇ ಬೂಬನನ್ನು ಜಪಾನಿನವರಿಗೆ ಹಿಡಿದುಕೊಟ್ಟಿರಬೇಕು ಎಂದು ಅವಳು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟಳು.

*

ಹೊತ್ತು ಏರುತ್ತಿದ್ದ ಹಾಗೆ ಅಂಗಳದಲ್ಲಿ ಜನ ಸೇರಿದರು. ಧಕ್ಕೆಯಿಂದ ಅಪ್ಪಿಯ ತಮ್ಮ ತುಕ್ರ ಬಂದ. ಗಿಡ್ಡ ಆಳು, ಕತ್ತು ಇಲ್ಲವೇನೋ ಎಂಬಂತಹ ಹೆಗಲು. ಪಕ್ಕದ ಮನೆಯ ಕ್ರಿಸ್ತುವ ಪಿಯುಸ್, ಊರಿನವರಿಗೆ ಪೊರ್ಬು, ತನ್ನ ಮನೆಯ ಕುರ್ಚಿಗಳನ್ನೆಲ್ಲ ತಂದು ಹಾಕಿ, ಕೊನೆಯದರಲ್ಲಿ ತಾನು ಕೂತು ಪೇಪರು ಬಿಡಿಸಿದ. ಪಿಯುಸ್ ಯುದ್ಧದ ಕಾಲದಲ್ಲಿ ಬ್ರಿಟಿಷರ ವಿಮಾನದಳದಲ್ಲಿ ನೆಲದ ಕೆಲಸ ಮಾಡಿ ಬಂದವನು. ಉದ್ದ ಆಸಾಮಿ, ಈಗಲೂ ಮೀಸೆ ತೀಡುವುದು ಪರೇಡಿನ ಲೆಕ್ಕದಲ್ಲೇ. ಸುರತ್ಕಲ್ಲಿನಿಂದ ಬಸ್ಸು ಹಿಡಿದು ಬಂದ ಅಲಿಯಬ್ಬ ಎಂಬ ಮುದುಕ ಅವನ ಪಕ್ಕದಲ್ಲಿ ಕೂತ. ಮೊಯ್ದೀನಬ್ಬನ ಬರ್ಮಾದ ಜೊತೆಗಾರನಂತೆ. ಅಪ್ಪಿ ಅವನನ್ನು ಹಿಂದೆ ಕಂಡವಳಲ್ಲ. ಬರ್ಮಾ ಎಂಬ ಮಾತು ಕೇಳಿದ್ದೇ ಅವಳ ಕಿವಿ ಜಗಲಿಯಿಂದ ಎದ್ದು ಆ ಕಡೆ ಹೋಗಿ ಕೂತಿತು.

ಗೋರಿ ತೋಡಿ ಆಗಬೇಕು, ಅಲ್ಲಿಯವರೆಗೆ ಮಾತು. ಸಾವಿನ ಮನೆಯಲ್ಲಿ ಸತ್ತವನ ವಿಷಯ ಎಷ್ಟು ಹೊತ್ತು ಆಡುತ್ತಾರೆ?

"ನೋಡಿ, ಅಮೇರಿಕದವರು ಈಗ ಮೆಲ್ಲ ಒಪ್ಪಿಕೊಳ್ತಾ ಇದ್ದಾರೆ," ಎಂದ ಪಿಯುಸ್ ಪೇಪರಿನೊಳಗಿನಿಂದ. "ವಿಯೆಟ್ನಾಮಿನಲ್ಲಿ ಅವರು ಹಾಕಿದ ಬಾಂಬು ಜನರ ಮನೆಗಳ ಮೇಲೂ ಬಿದ್ದಿರಬಹುದಂತೆ."

"ಬಿದ್ದಿರಬಹುದು ಅಂದ್ರೆ?" ಎಂದ ತುಕ್ರ. "ಬಿದ್ದಿದೆಯಾ ಇಲ್ಲವಾ ಪೊರ್ಬುಗಳೇ?"

"ಬಿದ್ದಿರಬಹುದು ಅಂತ ಬರೆದಿದ್ದಾರೆ ಮಾರಾಯ, ನಾನೆಂತ ಮಾಡ್ಲಿ?"

"ತೆಂಗಿನಕಾಯಿ ಬಿದ್ದ ಹಾಗೆ ಹೇಳ್ತೀರಲ್ಲ! ತೆಂಗಿನಕಾಯಿ ತಾನೇ ಬೀಳ್ತದೆ. ಬಾಂಬು ತಾನೇ ಬೀಳ್ತದಾ? ಹಾಕಿದವ ಒಬ್ಬ ಇರ್ಬೇಕಲ್ಲ?"

"ಹಾಕಿದವನದ್ದು ಎಂತ ತಪ್ಪು? ಪೆಟ್ರೋಲು, ಗುಂಡು ಎಲ್ಲ ತಂದು ಊರಿನ ಮಧ್ಯೆ ಇಟ್ಟವನದ್ದು ತಪ್ಪು. ಜನರ ಮರೆಯಲ್ಲಿ ನಿಂತು ಹೊಡೀತೇನೆ ಅಂದ್ರೆ, ತಿರುಗಿ ಬಂದದ್ದು ಜನರಿಗೂ ತಾಗ್ತದೆ."

"ಊರು ಅಲ್ಲೇ ಇತ್ತು ಪೊರ್ಬುಗಳೇ. ಅದು ಯಾರ ಮಧ್ಯೆಯೂ ಹೋಗ್ಲಿಲ್ಲ. ಮಧ್ಯೆ ಬಂದವರು ಇವರಿಬ್ಬರು. ಒಬ್ಬ ನೆಲದಲ್ಲಿ ಬಂದ, ಒಬ್ಬ ಆಕಾಶದಲ್ಲಿ."

ಒಂದಿಬ್ಬರು ಹೌದು ಹೌದು ಎಂದರು. ಪಿಯುಸ್‌ನಿಗೆ ಬಿಸಿ ಹತ್ತಿತು. "ನಾನು ಬರ್ಮಾದ ಗಡಿಯಲ್ಲಿ, ಚಿತ್ತಗಾಂಗಿನ ಹತ್ತಿರ ಇದ್ದವ, ನನಗೆ ಹೇಳ್ಬೇಡ. ಈ ಕೈಯಲ್ಲಿ ಬಾಂಬು ತಳ್ಳಿ ವಿಮಾನದ ಹೊಟ್ಟೆಗೆ ಏರಿಸಿದ್ದೇನೆ. ಅದರ ಮೇಲೆ ಸೀಮೆಸುಣ್ಣದಲ್ಲಿ ತಮಾಷೆ ಎಲ್ಲ ಬರೀತಿದ್ದೆವು ನಾವು. ಅದು ಎಲ್ಲಿ ಬಿತ್ತು ಅಂತ ನಮಗೆ ಹೇಳುವವರಿಲ್ಲ, ನಾವು ಕೇಳಿದ್ದೂ ಇಲ್ಲ. ಪೈಲಟನಿಗೂ ಮೇಲಿನಿಂದ ಎಂತ ಕಾಣ್ತದೆ? ಕೆಳಗಿನವ ಗುರುತು ಹೇಳ್ತಾನೆ, ಅವ ಹಾಕ್ತಾನೆ. ಗುರುತು ತಪ್ಪು ಹೇಳಿದವ ಇದ್ದಾನಲ್ಲ, ನಿಜವಾದ ಪಾಪಿ ಅವನೇ."

"ಹಾಗೆ ಹೇಳ್ಬೇಡಿ!" ಎಂದು ಅಲಿಯಬ್ಬ ಕುರ್ಚಿಯಿಂದ ಎದ್ದೇಬಿಟ್ಟ. "ಮಯ್ಯತ್ತು ಇನ್ನೂ ಮನೆಯೊಳಗೆ ಉಂಟು. ಅದರ ಕಿವಿಗೆ ಬೀಳುವ ಹಾಗೆ ಆ ಮಾತು ಆಡ್ಬೇಡಿ."

ಪಿಯುಸ್ ಬಾಯಿ ತೆರೆದು ಕೂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಸತ್ತವನ ಹೆಗಲನ್ನು ಬೇರೆಯವನು ಮುಟ್ಟಿ ನೋಡಿದ ಹಾಗಾಗಿತ್ತು. ಅಪ್ಪಿ ಜಗಲಿಯಿಂದ ಇಳಿದಳು. ಗಂಡಸರ ನಡುವೆ ದಾರಿ ಮಾಡಿಕೊಂಡು ಬಂದು ಮುದುಕನ ಎದುರು ನಿಂತಳು.

"ವಿಯೆಟ್ನಾಮಿನ ಮಾತಿಗೆ ಈ ಮನೆಯ ಹೆಣ ಯಾಕೆ ಅಡ್ಡ ಬಂತು?" ಎಂದು ಕೇಳಿದಳು. "ಎಂತ ಹೇಳಿದ್ದ ಇವ? ಯಾರಿಗೆ ಹೇಳಿದ್ದ?"

"ನೀನು ಯಾರು?"

"ಬೂಬನ ಹೆಂಡತಿ."

ಅಲಿಯಬ್ಬ ಮತ್ತೆ ಕೂತ. "ಅಪ್ಪಿ," ಎಂದ. "ಮೊನ್ನೆ ಪೆರ್ನಾಲಿಗೆ ಮೊಯ್ದೀನಬ್ಬ ನನಗೆ ಜನ ಕಳಿಸಿದ್ದ. 'ಒಬ್ಬನೇ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ನೀನು ಬಾ, ಒಟ್ಟಿಗೆ ಅಪ್ಪಿಯ ಹತ್ತಿರ ಹೋಗುವ' ಅಂತ. ನಾನು ಈ ವಾರ, ಮುಂದಿನ ವಾರ ಅಂತ ತಡ ಮಾಡಿದೆ."

"ಈಗ ಬಂದಿದ್ದೀರಲ್ಲ. ಹೇಳಿ."

"ಬೇಡ ಅಲಿಯಬ್ಬಾಕ," ಎಂದ ಅಹ್ಮದ್ ಬಾವ, ಬಾವಿಯ ಕಡೆಯಿಂದ ಬೇಗ ಬೇಗ ಬರುತ್ತಾ. ಅವನ ಮುಖದಲ್ಲಿ ಹೆದರಿಕೆ ಇತ್ತು. ಮಗನಿಗೂ ಗೊತ್ತಿಲ್ಲದ ಏನೋ ಒಂದು ಈ ಮನೆಯೊಳಗೆ ಇಷ್ಟು ವರ್ಷ ಉಂಡು ಮಲಗಿತ್ತೆಂದು ಅವನಿಗೂ ಆ ಕ್ಷಣವೇ ತಿಳಿದ ಹಾಗಿತ್ತು.

"ನೀನು ಸುಮ್ಮನಿರು ಬಾವ," ಎಂದ ಅಲಿಯಬ್ಬ. "ನಾನೂ ತಡ ಮಾಡಿ ಸತ್ತರೆ ಆಮೇಲೆ ಯಾರು ಹೇಳುವುದು?"

*

ಬರ್ಮಾದ ಅಕ್ಯಾಬಿನ ಆಚೆ ಒಂದು ಸಣ್ಣ ಬಂದರು. ಅಲ್ಲಿ ಮೊಯ್ದೀನಬ್ಬನಿಗೆ ಒಣಮೀನಿನ ಗೋದಾಮು. ಉಪ್ಪು ಹಾಕುವುದು, ಒಣಗಿಸುವುದು, ಬಲೆ ಕಟ್ಟುವುದು ಎಲ್ಲ ಬೂಬ. ಇಬ್ಬರೂ ಒಂದೇ ವಯಸ್ಸಿನವರು. ಸಾವುಕಾರ, ಆಳು ಎಂಬುದು ಹೊರಗಿನವರ ಎದುರು ಮಾತ್ರ. ಗೋದಾಮು ಕಟ್ಟುವಾಗ ಮೊಯ್ದೀನಬ್ಬನಿಗೆ ಹಟ: ಮಾಡಿಗೆ ಮಂಗಳೂರಿನ ಹಂಚೇ ಆಗಬೇಕು. ಹಡಗಿನಲ್ಲಿ ತರಿಸಿದ. ಸುತ್ತ ಇಡೀ ಊರು ಹುಲ್ಲು, ಬಿದಿರು, ತಗಡು. ನಡುವೆ ಇವನದ್ದೊಂದು ಕೆಂಪು ಮಾಡು. ಕಡಲಿನಲ್ಲಿ ಬರುವವರು ಅದನ್ನೇ ಗುರುತು ಹಿಡಿದು ದೋಣಿ ತಿರುಗಿಸುತ್ತಿದ್ದರಂತೆ. ಮೊಯ್ದೀನಬ್ಬ ಅದನ್ನು ಹೇಳಿಕೊಂಡು ಹೇಳಿಕೊಂಡು ಉಬ್ಬುತ್ತಿದ್ದ.

ಹಂಚು ಉಳಿಯಿತು. ಮಳೆಗಾಲಕ್ಕೆ ಮುಂಚೆ, ಕೂಲಿಯವರು ಹೆಂಡತಿ ಮಕ್ಕಳ ಜೊತೆ ಇರುವ ಉದ್ದ ಬಿಡಾರಕ್ಕೆ ಹುಲ್ಲು ಹೊದೆಸಬೇಕು ಎಂದು ಬೂಬ ಏಣಿ ಇಟ್ಟಾಗ ಮೊಯ್ದೀನಬ್ಬ ತಡೆದ. "ಹುಲ್ಲು ಯಾಕೆ? ನಮ್ಮ ಊರಿನ ಮನೆಯ ಹಾಗೆ ಇರ್ಲಿ, ತಗೊ," ಎಂದು ಉಳಿದ ಹಂಚನ್ನೆಲ್ಲ ಕೊಟ್ಟ. ಕೊಟ್ಟದ್ದಲ್ಲದೆ ತಾನೂ ಮೇಲೆ ಹತ್ತಿ ಬೂಬನ ಜೊತೆ ಕೂತು ಹೊದೆಸಿದ. ಕೆಳಗಿನಿಂದ ಹಂಚು ಎಸೆಯುತ್ತಿದ್ದವನು ಅಲಿಯಬ್ಬ.

ಆಮೇಲೆ ಜಪಾನಿನವರು ಬಂದರು. ಊರು ಅವರದಾಯಿತು. ಗಟ್ಟಿ ಮಾಡು ಕಂಡ ಕೂಡಲೇ ಗೋದಾಮಿನ ಬೀಗ ಒಡೆದರು, ಒಣಮೀನನ್ನು ಹೊರಗೆ ಬಿಸಾಡಿ ಪೆಟ್ರೋಲಿನ ಡ್ರಮ್ಮು, ಮದ್ದುಗುಂಡಿನ ಪೆಟ್ಟಿಗೆ ತುಂಬಿಸಿದರು. ಬಿಡಾರದ ಗಂಡಸರನ್ನು ಬೆನ್ನಿಗೆ ಕೋವಿ ಹಿಡಿದು ಹೊರಿಸಿದರು. ಬಗ್ಗಿ ವಂದಿಸಲಿಲ್ಲ ಎಂದು ಮೊಯ್ದೀನಬ್ಬನ ಕೆನ್ನೆಗೆ ಹೊಡೆದರು, ನಡುಬೀದಿಯಲ್ಲಿ, ಕೂಲಿಯವರ ಎದುರು.

ಹೀಗಿರುವಾಗ ಮೀನು ಕೊಳ್ಳುವ ನೆವದಲ್ಲಿ ಒಬ್ಬ ಬಂದ. ಆಚೆ ಕಡೆಯ ಬ್ರಿಟಿಷರ ಮನುಷ್ಯ. ಪೆಟ್ರೋಲು ಎಲ್ಲಿಟ್ಟಿದ್ದಾರೆ ಎಂದು ಕೇಳಿದ. ಕೆನ್ನೆಯ ಉರಿ ಆರದ ಮೊಯ್ದೀನಬ್ಬ ಒಂದೇ ಉಸಿರಿಗೆ ಹೇಳಿದ: "ಕೆಂಪು ಹಂಚಿನ ಮಾಡು. ಮೇಲಿನಿಂದ ನೋಡಿದ್ರೆ ತಪ್ಪುವುದೇ ಇಲ್ಲ."

ವಿಮಾನ ಬಂದದ್ದು ಶುಕ್ರವಾರ ಮಧ್ಯಾಹ್ನ. ಮೊಯ್ದೀನಬ್ಬ, ಅಲಿಯಬ್ಬ ಮಸೀದಿಯಲ್ಲಿದ್ದರು, ಬೂಬ ಬಿಡಾರದಲ್ಲಿದ್ದ. ಮೇಲಿನಿಂದ ನೋಡಿದವರಿಗೆ ಕೆಂಪು ಮಾಡು ಒಂದಲ್ಲ, ಎರಡು ಕಂಡಿತು. ಎರಡಕ್ಕೂ ಹಾಕಿದರು.

*

ಅಲಿಯಬ್ಬ ಮುಗಿಸಿದ ಮೇಲೆ ಪಿಯುಸ್ ಪೇಪರನ್ನು ಸಣ್ಣದಾಗಿ ಮಡಚುತ್ತಾ ಹೋದ, ಇನ್ನು ಮಡಚಲು ಆಗದಷ್ಟು ಸಣ್ಣದಾದರೂ ಒತ್ತುತ್ತಲೇ ಇದ್ದ.

"ಯಾವ ವರ್ಷ ಅದು?" ಎಂದು ಮೆಲ್ಲ ಕೇಳಿದ. ಅಲಿಯಬ್ಬ ಹೇಳಿದ. "ನಾನು ಚಿತ್ತಗಾಂಗಿನಲ್ಲೇ ಇದ್ದೆ ಆಗ," ಎಂದ ಪಿಯುಸ್. ಮತ್ತೆ ಮೀಸೆಗೆ ಕೈ ಹೋಗಲಿಲ್ಲ.

ಇಪ್ಪತ್ತು ವರ್ಷ ಸಾಕಿದ ಸಂಶಯ ಸುಳ್ಳಾಯಿತು ಎಂದು ಸಮಾಧಾನ ಪಡಬೇಕೋ, ಅದಕ್ಕಿಂತ ಕೆಟ್ಟದ್ದು ನಿಜವಾಯಿತು ಎಂದು ಎದೆ ಬಡಿದುಕೊಳ್ಳಬೇಕೋ ಅಪ್ಪಿಗೆ ತಿಳಿಯಲಿಲ್ಲ. ಹಿಡಿದುಕೊಟ್ಟಿದ್ದರೆ ದ್ವೇಷಿಸುವುದು ಸುಲಭವಿತ್ತು. ಈ ಮನುಷ್ಯ ಪ್ರೀತಿಯಿಂದ ಹಂಚು ಹೊದೆಸಿ ಕೊಂದಿದ್ದನಲ್ಲ!

ಆದರೂ ಸಂಶಯದ ಬಾಲ ಅಷ್ಟು ಬೇಗ ಕಳಚುವುದಿಲ್ಲ.

"ಒಂದು ಹೇಳಿ," ಎಂದಳು. "ತನ್ನ ಕೈಯಲ್ಲೇ ಹೊದೆಸಿದ ಮಾಡು. ಗುರುತು ಹೇಳುವಾಗ ಅದು ನೆನಪಿರ್ಲಿಲ್ವಾ ಅವನಿಗೆ? ಮರೆತನಾ? ಇಲ್ಲ, ನೆನಪಿದ್ದೂ ಹೇಳಿದನಾ, ಹೋದರೆ ಹೋಗ್ಲಿ ಅಂತ?"

"ನಾನು ಕೇಳಿದ್ದೆ ಅಪ್ಪಿ. ಒಂದೇ ಸಲ. ಹಡಗಿನಲ್ಲಿ ಬರುವಾಗ."

"ಎಂತ ಹೇಳಿದ?"

"'ಗೊತ್ತಿಲ್ಲ ಅಲಿಯಬ್ಬ' ಅಂದ. 'ನೆನಪಿತ್ತಾ ಇಲ್ಲವಾ ಅಂತ ನಾನೇ ನನ್ನ ಹತ್ತಿರ ಕೇಳ್ತಾ ಇದ್ದೇನೆ. ಒಂದು ದಿನ ಇತ್ತು ಅಂತ ಕಾಣ್ತದೆ, ಒಂದು ದಿನ ಇರಲಿಲ್ಲ ಅಂತ ಕಾಣ್ತದೆ.' ಅಷ್ಟೇ. ಆಮೇಲೆ ನಮ್ಮೊಳಗೆ ಆ ಮಾತು ಬರಲಿಲ್ಲ. ಊರಿಗೆ ಬಂದು ಮನೆ ಕಟ್ಟಿದ, ಹಂಚು ಮಾತ್ರ ಹಾಕ್ಲಿಲ್ಲ."

ಅಷ್ಟರಲ್ಲಿ ಗೋರಿ ಆಯಿತೆಂದು ಆಳು ಬಂದು ಹೇಳಿದ. ಮಯ್ಯತ್ತಿನ ಮಂಚವನ್ನು ಅಂಗಳಕ್ಕೆ ತಂದಿಟ್ಟರು. ಅತ್ತರು, ಕರ್ಪೂರದ ವಾಸನೆ ಬಂತು. ಎತ್ತುವ ಮೊದಲು ಮನೆಯ ಮಗ ನೆರೆದವರ ಮುಂದೆ ನಿಂತು ಮಾಫಿ ಕೇಳುವುದು ಅವರಲ್ಲಿ ಪದ್ಧತಿ. ಸತ್ತವನಿಂದ ಯಾರಿಗೆ ನೋವಾಗಿದ್ದರೂ ಅದನ್ನು ಅಂಗಳದಲ್ಲೇ ಬಿಟ್ಟುಕೊಡಬೇಕು, ಬಿಡದಿದ್ದರೆ ಅದು ಗೋರಿಯವರೆಗೂ ಜೊತೆಗೆ ಹೋಗುತ್ತದೆ ಎಂದು ನಂಬಿಕೆ. ಸಾಮಾನ್ಯವಾಗಿ ಅದು ಒಂದು ಮಾತಿನ ಕೆಲಸ. ಮಗ ಕೇಳುತ್ತಾನೆ, ಎಲ್ಲರೂ ಕೊಟ್ಟೆವು ಎನ್ನುತ್ತಾರೆ.

"ನನ್ನ ಬಾಪನಿಂದ ಯಾರಿಗಾದ್ರೂ ಬೇಜಾರಾಗಿದ್ರೆ, ಅಲ್ಲಾಹನ ಹೆಸರಿನಲ್ಲಿ ಮಾಫಿ ಕೊಡಿ," ಎಂದ ಅಹ್ಮದ್ ಬಾವ.

"ಕೊಟ್ಟೆವು," ಎಂದಿತು ಅಂಗಳ.

ಅಪ್ಪಿ ತುಟಿ ಬಿಚ್ಚಲಿಲ್ಲ. ಅಹ್ಮದ್ ಬಾವ ಅವಳ ಕಡೆ ತಿರುಗಿದ. "ಅಪ್ಪಿಯಕ್ಕ, ನೀವು?"

ಅವಳು ಸುಮ್ಮನೆ ಮಂಚ ನೋಡಿದಳು.

"ತಡ ಮಾಡ್ಲಿಕ್ಕಿಲ್ಲ," ಎಂದರು ಮಸೀದಿಯ ಮುಸ್ಲಿಯಾರರು, ಮೆತ್ತಗೆ.

"ಅಪ್ಪಿಯಕ್ಕ, ಬಾಪ ಬಾಂಬು ಹಾಕ್ಲಿಲ್ಲ!" ಅಹ್ಮದ್ ಬಾವನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿತ್ತು. "ಗೋದಾಮಿಗೆ ನುಗ್ಗಿದವರು ಜಪಾನಿನವರು. ಹಾಕಿದವರು ಬ್ರಿಟಿಷರು. ಇಬ್ಬರನ್ನೂ ಬಿಟ್ಟು ನನ್ನ ಬಾಪನನ್ನು ಹಿಡಿದು ನಿಲ್ಲಿಸ್ತೀರಾ?"

"ಹೌದು ಮಗ," ಎಂದಳು ಅಪ್ಪಿ. "ಜಪಾನಿನವ ಯಾವ ಊರಿನವ ಅಂತ ನನಗೆ ಗೊತ್ತಿಲ್ಲ. ವಿಮಾನದಲ್ಲಿ ಇದ್ದವನ ಮುಖ ನಾನು ಕಂಡವಳಲ್ಲ. ಅವರು ಯಾರೂ ನನ್ನ ಎದುರು ಬಂದು ಮಾಫಿ ಕೇಳುವುದಿಲ್ಲ. ಕೇಳ್ಲಿಕ್ಕೆ ಬಂದದ್ದು ನೀನೊಬ್ಬ. ನಾನು ಬೇರೆ ಯಾರ ಹತ್ತಿರ ಜಗಳ ಮಾಡ್ಲಿ, ಹೇಳು?"

ಪಿಯುಸ್ ತಲೆ ತಗ್ಗಿಸಿದ.

ಆಗ ಅಡುಗೆಮನೆಯ ಕಿಟಕಿಯ ಸರಳಿನ ಹಿಂದಿನಿಂದ ಒಂದು ಸ್ವರ ಬಂತು. "ಅಪ್ಪೀ. ಸ್ವಲ್ಪ ಇಲ್ಲಿ ಬಾ."

ಮೊಯ್ದೀನಬ್ಬನ ಹೆಂಡತಿ ಸುಹರಾ. ಇಷ್ಟು ವರ್ಷ ಅಪ್ಪಿ ಈ ಮನೆಗೆ ಮೀನು ತಂದರೂ ಸುಹರಾ ಒಂದು ದಿನ ಜಗಲಿಗೆ ಬಂದು ಮೀನು ಆರಿಸಿದವಳಲ್ಲ. ಇದೇ ಕಿಟಕಿಯಲ್ಲಿ ನಿಂತು ದುರುಗುಟ್ಟಿ ನೋಡುವುದು ಮಾತ್ರ. ದೊಡ್ಡಸ್ತಿಕೆ ಎಂದುಕೊಂಡಿದ್ದಳು ಅಪ್ಪಿ. ಗಂಡ ಸತ್ತ ಹೆಂಗಸು ಈಗ ಗಂಡಸರ ಎದುರು ಬರುವ ಹಾಗಿಲ್ಲ, ಹಾಗಾಗಿ ಅಪ್ಪಿಯೇ ಕಿಟಕಿಯ ಹತ್ತಿರ ಹೋದಳು.

"ಅವರಿಗೆ ಆಮೇಲೆ ಕೊಡು, ಬಿಡು. ಮೊದಲು ನನಗೆ ಕೊಡು ಮಾಫಿ."

"ನಿಮಗೆ ಯಾಕಮ್ಮ? ನೀವೆಂತ ಮಾಡಿದ್ದು?"

ಸುಹರಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಗಂಡ ಪ್ರಪಂಚದಲ್ಲಿ ಎಲ್ಲರ ಹತ್ತಿರ ಚೌಕಾಸಿ ಮಾಡ್ತಿದ್ರು. ನಿನ್ನ ಹತ್ತಿರ ಇಲ್ಲ. ನೀನು ಬರುವ ಹೊತ್ತಿಗೆ ಅಂಗಡಿ ಬಿಟ್ಟು ಮನೆಗೆ ಬರ್ತಿದ್ರು. ನೀನು ಹೋದ ಮೇಲೆ ಊಟ ಸೇರ್ತಿರಲಿಲ್ಲ. ನಾನು ಎಂತ ತಿಳ್ಕೊಳ್ಬೇಕು? ಇಪ್ಪತ್ತು ವರ್ಷ ತಿಳ್ಕೊಂಡೆ ಅಪ್ಪಿ. ನಿನ್ನ ಮೀನಿನ ಸಾರು ಮಾಡಿ ಬಡಿಸಿದೆ, ನಾನು ಒಂದು ತುಂಡು ಬಾಯಿಗೆ ಹಾಕ್ಲಿಲ್ಲ."

ಅಪ್ಪಿ ದಂಗಾದಳು. "ನನ್ನನ್ನಾ? ಈ ಮುಸುಡಿಯನ್ನಾ? ಅಯ್ಯೋ ದೇವೆರೆ!" ಎಂದಳು. ನಗು ಬಂತು. ಹೊಟ್ಟೆಯಿಂದ ಎದ್ದು ಬಂದ ನಗು ಗಂಟಲಿಗೆ ಬರುವಾಗ ಅಳುವಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಮರಳಿನ ಮೇಲೆ ಸರಿಯಾಗಿ ಬಾರದೆ ಉಳಿದದ್ದೆಲ್ಲ ಈಗ ಬಂತು. ಸುಹರಾ ಸರಳಿನ ನಡುವಿನಿಂದ ಕೈ ಹಾಕಿ ಅವಳ ಮೀನು ವಾಸನೆಯ ಕೈಯನ್ನು ಹಿಡಿದಳು. ಇಬ್ಬರೂ ಅತ್ತರು. ಅಂಗಳದ ಗಂಡಸರು ಎಲ್ಲಿ ನೋಡುವುದೆಂದು ತಿಳಿಯದೆ ನೆಲ ನೋಡಿದರು.

"ನಿಮಗೆ ಕೊಟ್ಟೆ," ಎಂದಳು ಅಪ್ಪಿ. "ನಿಮಗೆ ಕೊಡ್ಲಿಕ್ಕೆ ನನಗೆ ಎಂತ ಕಷ್ಟವೂ ಇಲ್ಲ. ನಾನೂ ನಿಮ್ಮ ಹಾಗೇ ಸಂಶಯ ಸಾಕಿದವಳೇ ಅಲ್ಲವಾ."

ಆಮೇಲೆ ಕಣ್ಣು ಒರೆಸಿಕೊಂಡು ಅಹ್ಮದ್ ಬಾವನ ಎದುರು ಬಂದು ನಿಂತಳು.

"ಬಾವ, ನನ್ನ ಪಾಲಿನದ್ದು ಕೊಟ್ಟೆ. ನಿನ್ನ ಬಾಪ ಆ ದಿನ ಮರಳಿನ ಮೇಲೆ ನಿಂತು ಅರ್ಧ ಹೇಳಿ ಓಡಿದ್ದು, ನಾನು ಕಾದದ್ದು, ಅದೆಲ್ಲ ಬಿಟ್ಟೆ. ಬೂಬನ ಪಾಲಿನದ್ದು ನನ್ನ ಕೈಯಲ್ಲಿಲ್ಲ. ಆ ಬಿಡಾರದಲ್ಲಿ ಇದ್ದ ಹೆಂಗಸರು ಮಕ್ಕಳದ್ದೂ ಇಲ್ಲ. ಅದನ್ನು ಅವನೇ ಹೋಗಿ ಕೇಳಿಕೊಳ್ಳಲಿ. ಬೂಬನಿಗೆ ಸಿಟ್ಟು ಬೇಗ ಬರ್ತದೆ, ಬೇಗ ಇಳೀತದೆ. ಇಬ್ಬರೂ ಸ್ನೇಹಿತರೇ ಅಲ್ಲವಾ."

ಮುಸ್ಲಿಯಾರರು ಅಹ್ಮದ್ ಬಾವನ ಮುಖ ನೋಡಿದರು. ಸಾಕಾ ಇಷ್ಟು ಎಂಬ ಹಾಗೆ ಅವನು ಮುಸ್ಲಿಯಾರರ ಮುಖ ನೋಡಿದ. ಇಷ್ಟಕ್ಕಿಂತ ಹೆಚ್ಚು ಯಾರ ಹತ್ತಿರವೂ ಇರಲಿಲ್ಲ. ಎತ್ತಿ ಎಂದರು ಮುಸ್ಲಿಯಾರರು.

ಮುಂದಿನ ಒಂದು ಮೂಲೆಗೆ ಮಗ ಬಾಗಿದ. ಹಿಂದಿನ ಒಂದಕ್ಕೆ ಅಲಿಯಬ್ಬ, ವಯಸ್ಸಾಯಿತು ಬಿಡಿ ಎಂದರೂ ಕೇಳದೆ. ಅವನ ಪಕ್ಕದ ಮೂಲೆಗೆ ಯಾರೂ ಕರೆಯದೆ ಪಿಯುಸ್ ಬಂದು ನಿಂತ. ಕ್ರಿಸ್ತುವರ ಹೆಗಲು ಆಗುತ್ತದಾ ಎಂದು ಯಾರೋ ಪಿಸುಗುಟ್ಟುವಷ್ಟರಲ್ಲಿ ಅವನು ಕೋಲು ಹಿಡಿದಾಗಿತ್ತು. ಮುಂದೆ ಇನ್ನೊಂದು ಮೂಲೆ ಖಾಲಿ ಇತ್ತು.

"ತುಕ್ರ," ಎಂದಳು ಅಪ್ಪಿ. "ಎಂತ ನೋಡ್ತೀಯ? ಹೋಗು."

ತುಕ್ರ ಅಕ್ಕನನ್ನು ಒಮ್ಮೆ ನೋಡಿ, ಹೋಗಿ ಹೆಗಲು ಕೊಟ್ಟ. ಮಂಚ ಎದ್ದಿತು. ನಾಲ್ಕು ಹೆಗಲು ನಾಲ್ಕು ಎತ್ತರ. ಉದ್ದನೆಯ ಪಿಯುಸ್‌ನ ಕಡೆ ಏರಿ, ಗಿಡ್ಡನೆಯ ತುಕ್ರನ ಕಡೆ ಇಳಿದು, ಒಳಗಿದ್ದ ಭಾರವೆಲ್ಲ ಆ ಒಂದೇ ಮೂಲೆಗೆ ಜಾರತೊಡಗಿತು. ತುಕ್ರ ಹಲ್ಲು ಕಚ್ಚಿ ಹಿಮ್ಮಡಿ ಎತ್ತಿದ. ಆದರೂ ಸಾಲಲಿಲ್ಲ.

"ನಿಲ್ಲಿ ನಿಲ್ಲಿ! ಓರೆ ಆಗ್ತಾ ಉಂಟು, ಕಾಣುವುದಿಲ್ವಾ ನಿಮಗೆ!" ಎಂದು ಅಪ್ಪಿ ಧಕ್ಕೆಯಲ್ಲಿ ಕೂಗುವ ಸ್ವರದಲ್ಲೇ ಕೂಗಿದಳು. ನಾಲ್ವರೂ ನಿಂತರು. ಅವಳು ಹತ್ತಿರ ಹೋಗಿ, ತಲೆಯ ಮೇಲಿನಿಂದ, ಬುಟ್ಟಿಯ ಅಡಿಗೆ ಇಡುವ ಬಟ್ಟೆಯ ಸಿಂಬೆಯನ್ನು ತೆಗೆದಳು. ಮೀನಿನ ನೀರು ಕುಡಿದು ಕುಡಿದು ಕಪ್ಪಾದ ಸಿಂಬೆ. ಅದನ್ನು ಎರಡು ಮಡಿಕೆ ಮಾಡಿ, ತುಕ್ರನ ಹೆಗಲಿಗೂ ಮಂಚದ ಕೋಲಿಗೂ ನಡುವೆ ತುರುಕಿ, ಅಂಗೈಯಿಂದ ಒತ್ತಿ ಕೂರಿಸಿದಳು.

ಮಂಚ ಸಮವಾಯಿತು. ಗೇಟು ದಾಟಿ ಹೋಯಿತು.